ದ್ರಾಕ್ಷಿ ವ್ಯಾಪಾರಿಗೆ ಬೈದದ್ದು

ಅಥಣಿ ರಸ್ತೆಯಲ್ಲಿ ಮನೆ ಮಾಡಿದಾಗಿನಿಂದ ನೆರೆಯವರದು ಒಂದೇ ಪ್ರಶ್ನೆ: "ಮಿಲ್ಟ್ರ್ಯಾಗ ಎಷ್ಟ್ ಮಂದಿನ್ನ ಹೊಡದೀರಿ?" ಒಬ್ಬ ದ್ರಾಕ್ಷಿ ವ್ಯಾಪಾರಿಗೆ ಬೈದೇನಿ ಅಂದರೆ ಅವರ ಮುಖ ಸಪ್ಪಗಾಗುತ್ತದೆ.

ಉಗ್ರರ ಕಾಟವಿದ್ದ ಗುಡ್ಡದ ಹಳ್ಳಿಯೊಂದರಲ್ಲಿ, ಜನರ ನಡುವೆಯೇ ಇದ್ದು ವಿಶ್ವಾಸ ಗಳಿಸಿರಿ ಎಂದು ನಮ್ಮನ್ನೂ ಅಲ್ಲಿಯ ಪೊಲೀಸರನ್ನೂ ಒಂದೇ ಹಳೆಯ ಮನೆಯಲ್ಲಿ ತುರುಕಿದ್ದರು. ಎದುರುಮನೆಯ ಮುದುಕಿ ನಮ್ಮನ್ನು ಕಂಡರೆ ಕೋಳಿಗಳನ್ನು ಒಳಗೆ ಅಟ್ಟುತ್ತಿದ್ದಳು. ಕೋಳಿಗಳ ಮಟ್ಟಿಗೆ ಅವಳ ಅನುಮಾನ ಸುಳ್ಳಾಗಿರಲಿಲ್ಲ.

ಆ ಪೊಲೀಸರಲ್ಲೊಬ್ಬ ನನ್ನ ಜೋಡಿ. ಗಸ್ತಿಗೆ ಹೊರಟರೆ ಮುಖಕ್ಕೆ ಬಟ್ಟೆ ಕಟ್ಟುತ್ತಿದ್ದ. ಪಕ್ಕದ ಕಣಿವೆಯಲ್ಲಿ ಅವನ ಹೆಂಡತಿಯ ಊರು. ಅವನು ಪೊಲೀಸ್ ಎಂದು ಅಲ್ಲಿ ಗೊತ್ತಾದರೆ ಉಗ್ರರು ಗುಂಡು ಹಾಕುತ್ತಿದ್ದರು. ಆ ಊರಿಗೆ ಅವನು ಒಣಹಣ್ಣಿನ ವ್ಯಾಪಾರಿ. ಮಾಲು ನಮ್ಮದು. ರಜೆ ಮುಗಿಸಿ ನಮ್ಮೂರು ತಿಕೋಟಾದಿಂದ ಹೊರಟಾಗಲೆಲ್ಲ ನಮ್ಮವ್ವ ತೋಟದ ಒಣದ್ರಾಕ್ಷಿ ಕಟ್ಟುತ್ತಿದ್ದಳು. "ಇಷ್ಟ್ಯಾಕ ಬೇ?" ಅಂದರೆ, "ಬಂದೂಕ ಹೊರ್ತಿ, ದ್ರಾಕ್ಷಿ ಹೊರಾಕ ಏನ್ ಧಾಡಿ?" ಅನ್ನುತ್ತಿದ್ದಳು.

ಒಮ್ಮೆ ಅವನ ಹೆಂಡತಿಯ ಊರಿನ ಸಂತೆಗೆ ನಮ್ಮನ್ನು ಕಾವಲಿಗೆ ಹಾಕಿದರು. ರಜೆಯಲ್ಲಿದ್ದ ಅವನು ಚೀಲ ಬಿಚ್ಚಿ ಕೂತಿದ್ದ. ನಾವಿಬ್ಬರೂ ಪರಿಚಯವಿಲ್ಲದವರಂತೆ ಇರಬೇಕಿತ್ತು. ಒಬ್ಬ ಮುದುಕ ಬಂದು, ಇದನ್ನು ಹೇಗೆ ಒಣಗಿಸುತ್ತಾರೆ ಎಂದು ಅಲ್ಲಿಯ ಮಾತಿನಲ್ಲಿ ಕೇಳಿದ; ಅಷ್ಟು ನನಗೂ ತಿಳಿಯುತ್ತಿತ್ತು. ನಮ್ಮವನು ಠೀವಿಯಿಂದ, ಸುಡುಬಿಸಿಲಲ್ಲಿ ನೆಲಕ್ಕೆ ಹರವಿ ಅಂದ. ಯಪ್ಪಾ, ತಿಕೋಟಾದಿಂದ ಬಬಲೇಶ್ವರದವರೆಗೆ ಯಾವ ಕೂಸನ್ನು ಕೇಳಿದರೂ ಹೇಳುತ್ತದೆ, ಹಸಿರು ಬಣ್ಣ ಉಳಿಯಬೇಕಾದರೆ ದ್ರಾಕ್ಷಿ ಒಣಗಬೇಕಾದ್ದು ಶೆಡ್ಡಿನ ನೆರಳಿನಲ್ಲಿ. ಬಿಸಿಲಿಗೆ ಕಪ್ಪಾಗಬೇಕಲ್ಲ ಎಂದು ಮುದುಕ ಮತ್ತೆ ಕೇಳಿದ. ಪಕ್ಕದಲ್ಲಿದ್ದ ಇಬ್ಬರು ತರುಣರು ಹರಟೆ ನಿಲ್ಲಿಸಿ ನಮ್ಮವನ ಮುಖವನ್ನೇ ನೋಡತೊಡಗಿದರು. ಅವನು ಯಾರೂ ಕೇಳದಿದ್ದರೂ ದ್ರಾಕ್ಷಿ ತೂಗತೊಡಗಿದ.

ನುಗ್ಗಿದೆ. ಹಿಂದಿಯಲ್ಲಿ ಗದರಬೇಕೆಂದು ಬಾಯಿ ತೆರೆದರೆ ಅಚ್ಚ ತಿಕೋಟಾ ಹೊರಬಂತು. "ಯಾರಪ್ಪನ ದಾರಿ ಅಂತ ಕುಂತೀಲೇ ಮಗನ, ಎತ್ತಲೇ ಚೀಲ." ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಬೂಟಿನಿಂದ ಚೀಲ ಉರುಳಿಸಿದೆ. ಮಾತು ಯಾರಿಗೂ ತಿಳಿಯಲಿಲ್ಲ, ಬೂಟು ಎಲ್ಲರಿಗೂ ತಿಳಿಯಿತು. ಮುದುಕ ತನ್ನ ಪ್ರಶ್ನೆ ಮರೆತು ನಮ್ಮಿಬ್ಬರ ನಡುವೆ ನಿಂತ. ಬಡವನ ಹೊಟ್ಟೆಯ ಮೇಲೆ ಯಾಕೆ ಹೊಡೆಯುತ್ತೀರಿ ಎಂದು ಕೂಗಾಡಿದ. ಆ ತರುಣರು ಬಗ್ಗಿ ದ್ರಾಕ್ಷಿ ಆಯ್ದು ಚೀಲಕ್ಕೆ ತುಂಬಿದರು. ಈ ಜನ ನಮ್ಮೊಂದಿಗೆ ಬಾಯಿ ಬಿಡಲಿ ಎಂದು ನಮ್ಮ ಸಾಹೇಬರು ಕಾದೇ ಕಾದಿದ್ದರು. ಅಂತೂ ಬಿಟ್ಟರು, ಸಂತೆಗೆ ಸಂತೆಯೇ ನನಗೆ ಉಗಿಯಿತು. ನನಗೋ ಹಿಗ್ಗೋ ಹಿಗ್ಗು.

ಕೆಲ ದಿನಗಳಲ್ಲೇ ನಮ್ಮ ತುಕಡಿಗೆ ವರ್ಗದ ಆದೇಶ ಬಂತು. ಅವನಿನ್ನೂ ರಜೆಯಲ್ಲಿದ್ದ, ಹೇಳಿ ಹೊರಡಲು ಆಗಲಿಲ್ಲ. ಟ್ರಕ್ಕು ಆ ಸಂತೆಯ ನಡುವೆಯೇ ಹಾಯ್ದುಹೋಯಿತು. ಅಲ್ಲಿ ಚೀಲ ಬಿಚ್ಚಿ ಕೂತಿದ್ದ ಅವನು ನನ್ನನ್ನು ನೋಡಿದ. ಆ ತರುಣರು ಅವನ ಪಕ್ಕದಲ್ಲೇ ಕೂತಿದ್ದರು. ಅವನು ಎದ್ದು ನಿಂತು, ಗಂಟಲಿನಿಂದ ಎಳೆದು, ನನ್ನ ಕಡೆ ಉಗುಳಿದ. ಅವರು ನಕ್ಕು ಅವನ ಬೆನ್ನು ತಟ್ಟಿದರು. ನನ್ನ ಜೊತೆಗಿದ್ದ ಸಿಪಾಯಿ ಸಿಟ್ಟಿನಿಂದ ಕೆಳಗಿಳಿಯಲು ಹೊರಟ. ಅವನ ತೋಳು ಹಿಡಿದು ಕೂರಿಸಿದೆ, ಮುಖ ತಿರುಗಿಸಿಕೊಂಡು ಅತ್ತೆ. ಆ ಊರಲ್ಲಿ ಅವನು ಇನ್ನು ಬದುಕಿಕೊಳ್ಳುತ್ತಾನೆ ಎಂದು ನನಗೆ ಖಾತ್ರಿಯಾಗಿತ್ತು.