ಕೆಂಪು ರುಮಾಲಿನ ಮಂದಿ

ನಮ್ಮ ಅತ್ತೆಗೆ ಹಿಂದಿ ಓದಲು ಬರುತ್ತಿರಲಿಲ್ಲ. ಆದರೂ ಗೋಕಾಕ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಗೆ ಭೂತದ ಚಿತ್ರಕಥೆಯ ಹೊಸ ಸಂಚಿಕೆ ಬಂತೇ ಎಂದು ತಿಂಗಳು ತಿಂಗಳು ನನಗಿಂತ ಮೊದಲು ಕೇಳುತ್ತಿದ್ದವರು ಅವರೇ.

ಈ ಹುಚ್ಚು ಮೊದಲು ನನ್ನದು. ಹುಕ್ಕೇರಿಯ ತವರಿನಲ್ಲಿ ಅಣ್ಣ ತರುತ್ತಿದ್ದ ಕಾಮಿಕ್ಸುಗಳನ್ನು ಅವನಿಗಿಂತ ಮುಂಚೆ ಓದಿ, ಏನೂ ತಿಳಿಯದವಳ ಹಾಗೆ ಮತ್ತೆ ಅವನ ಚೀಲದೊಳಗೆ ಇಡುತ್ತಿದ್ದೆ. ಮದುವೆಯಾಗಿ ಮೂಡಲಗಿಗೆ ಬಂದೆ. ಗೋಕಾಕದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಮಗಳು ಬೆಳೆದು ಧಾರವಾಡದ ಹಾಸ್ಟೆಲ್ಲಿಗೆ ಹೋದಳು. ಹುಚ್ಚು ಮಾತ್ರ ಹೋಗಲಿಲ್ಲ. ಹೊಸ ಸಂಚಿಕೆ ಬಂದ ದಿನ ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಮಕ್ಕಳ ಉತ್ತರಪತ್ರಿಕೆಗಳ ಮರೆಯಲ್ಲಿ ಅದನ್ನು ಬಿಚ್ಚುತ್ತಿದ್ದೆ. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿನ ವಿದ್ಯಾರ್ಥಿಗಳು ಹತ್ತಿ ಬಸ್ಸು ಕಿಕ್ಕಿರಿಯುವಷ್ಟರಲ್ಲಿ ಒಂದು ಕಥೆ ಮುಗಿದಿರುತ್ತಿತ್ತು.

ಅತ್ತೆಯವರೂ ನಮ್ಮ ಹುಕ್ಕೇರಿ ಕಡೆಯ ಘೋಡಗೇರಿಯ ಹೆಣ್ಣುಮಗಳು. ಮಾವ ತೀರಿಕೊಂಡ ಮೇಲೂ ಹೊಲ, ಎಮ್ಮೆ, ಮನೆ ಎಲ್ಲವನ್ನೂ ಗಟ್ಟಿಯಾಗಿ ಹಿಡಿದು ನಡೆಸಿದವರು. ದೆವ್ವ ಪಿಶಾಚಿಯ ಮಾತು ಬಂದರೆ ಕೆಲಸವಿಲ್ಲದವರ ಹರಟೆ ಎಂದು ಎದ್ದು ಹೋಗುತ್ತಿದ್ದರು. ಹಾಗಾಗಿ ಒಂದು ಭಾನುವಾರ ಮಧ್ಯಾಹ್ನ, ನಾನು ಮಂಚದ ಮೇಲೆ ಮರೆತುಬಿಟ್ಟಿದ್ದ ಸಂಚಿಕೆಯನ್ನು ಅವರು ಬಾಗಿಲ ಬೆಳಕಿಗೆ ಹಿಡಿದು ನಿಂತಿದ್ದನ್ನು ಕಂಡಾಗ ಇವತ್ತು ಬೈಗುಳ ಗ್ಯಾರಂಟಿ ಅಂದುಕೊಂಡೆ. ಅವರು ಪುಸ್ತಕ ನನ್ನ ಕೈಗೆ ಕೊಟ್ಟು, ಇದರಲ್ಲಿ ಏನಿದೆ ಹೇಳು ಎಂದು ಗೋಡೆಗೆ ಆತು ಕೂತರು.

ಆ ತಿಂಗಳ ದೊಡ್ಡ ಕಥೆ ಒಂದು ಮುಳುಗಡೆ ಊರಿನದು. ಅಣೆಕಟ್ಟಿನ ನೀರಿನಡಿ ಹೋದ ಊರಿನ ಜನ ಹೊತ್ತು ಮುಳುಗುವಾಗ ಎದ್ದು ಬಂದು, ಹೊಸ ಬಟ್ಟೆ ತೊಟ್ಟು, ದಂಡೆಯ ಮೇಲಿನ ಮನೆಗಳ ಮುಂದೆ ನಿಲ್ಲುತ್ತಾರೆ. ಏನೂ ಮಾಡುವುದಿಲ್ಲ, ಸುಮ್ಮನೆ ನಿಲ್ಲುತ್ತಾರೆ. ಹುಕ್ಕೇರಿ ಕಡೆಯವರಿಗೆ ಮುಳುಗಡೆ ಹೊಸ ಮಾತಲ್ಲ. ಹಿಡಕಲ್ ಡ್ಯಾಮಿನಲ್ಲಿ ಹೋದ ಊರುಗಳ ಹೆಸರನ್ನು ನಮ್ಮ ಹಿರಿಯರು ಇನ್ನೂ ಹೇಳುತ್ತಾರೆ. ಅತ್ತೆ ಅದನ್ನೇ ನೆನೆಸಿಕೊಂಡು ನಿಟ್ಟುಸಿರು ಬಿಡಬಹುದು ಅಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ. ನೀರಿನಿಂದ ಎದ್ದವರ ಎತ್ತರ ಎಷ್ಟು? ಅವರು ಮಾತಾಡುತ್ತಾರೋ ಇಲ್ಲವೋ? ನಮ್ಮಷ್ಟೇ ಎತ್ತರ, ಮಾತಾಡುವುದಿಲ್ಲ ಎಂದೆ. ಅವರು ತಲೆಯಾಡಿಸಿ, ಮುಂದಿನ ಪುಟ ತಿರುಗಿಸು ಅಂದರು.

ಅಂದಿನಿಂದ ಭಾನುವಾರದ ಓದು ನಮ್ಮಿಬ್ಬರ ರೂಢಿಯಾಯಿತು. ನಾನು ಹಿಂದಿಯನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುವುದು, ಒಂದೊಂದು ಚಿತ್ರವನ್ನೂ ಬಿಡಿಸಿ ತಿಳಿಸುವುದು. ತಲೆಯಿಲ್ಲದ ಕುದುರೆ, ಬಾವಿಯೊಳಗಿನ ಅರಮನೆ, ಕನ್ನಡಿಯಲ್ಲಿ ಬೇರೆ ಯಾರದೋ ಮುಖ ಕಾಣುವ ಮದುಮಗಳು, ಯಾವುದಕ್ಕೂ ಅತ್ತೆ ಬೇಡ ಎನ್ನಲಿಲ್ಲ. ಒಂದು ಮಾತ್ರ, ಅವರು ಚಿತ್ರವನ್ನು ನೇರವಾಗಿ ನೋಡುತ್ತಿರಲಿಲ್ಲ. ಮುಖವನ್ನು ಆಚೆ ತಿರುಗಿಸಿ ಕಣ್ಣಂಚಿನಿಂದ ಇಣುಕುತ್ತಿದ್ದರು. ಹೆದರಿಕೆಗೆ ಹೀಗೆ ಮಾಡುತ್ತಾರೆ ಎಂದು ತಿಳಿದು ನನಗೆ ಒಳಗೊಳಗೇ ಖುಷಿ. ದನಿ ಇಳಿಸಿ ಇನ್ನಷ್ಟು ಹೆದರಿಸುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಹಿಟ್ಟು ನಾದುತ್ತಿದ್ದಾಗ ಅತ್ತೆ ಹಿಂದೆ ಬಂದು ನಿಂತರು.

“ಸಣ್ಣ ಮಂದಿ ಬರತಾರಲ್ಲಾ, ಮೊಣಕಾಲ ಎತ್ತರದವರು, ಕೆಂಪ ರುಮಾಲ ಸುತ್ತಿದವರು. ಅವರು ಯಾವ ಕಥಿಯಾಗ ಇದ್ರು?”

ನಾನು ಓದಿದ್ದೆಲ್ಲವನ್ನೂ ತಲೆಯಲ್ಲಿ ತಿರುವಿ ಹಾಕಿದೆ. ಅಂಥವರು ಯಾವ ಸಂಚಿಕೆಯಲ್ಲೂ ಇರಲಿಲ್ಲ. ಹಾಗೆಂದು ಹೇಳಿದೆ. ಅವರು ಜೋಳದ ಚೀಲಗಳಿದ್ದ ಮೂಲೆಯ ಕಡೆ ಓರೆಯಾಗಿ ನೋಡುತ್ತ, ಮುಂದಿನ ಪುಸ್ತಕದಲ್ಲಿ ಬರಬಹುದು ಅಂದರು.

ಅಲ್ಲಿಂದ ಮುಂದೆ ನಾನು ಅತ್ತೆಯನ್ನು ಗಮನಿಸತೊಡಗಿದೆ. ಪಡಸಾಲೆ ದಾಟುವಾಗ ನಡುವೆ ಯಾರೋ ಕೂತಿದ್ದಾರೆ ಎಂಬಂತೆ ಸುತ್ತಿ ಬರುತ್ತಿದ್ದರು. ಚಹಾ ಕುಡಿಯುತ್ತ ಕೂತವರು ಇದ್ದಕ್ಕಿದ್ದಂತೆ ಕಾಲು ಮಡಚಿಕೊಳ್ಳುತ್ತಿದ್ದರು. ಹೊತ್ತು ಇಳಿಯುವ ಮೊದಲೇ ಎಲ್ಲ ಕೋಣೆಗಳ ಲೈಟು ಹಾಕಿಸುತ್ತಿದ್ದರು. ನಾನು ಕೇಳಿದರೆ ಏನಿಲ್ಲ ಎನ್ನುವುದು, ಮಾತು ತಿರುಗಿಸುವುದು. ಅವರು ನೋಡುತ್ತಿದ್ದ ಮೂಲೆಯನ್ನು ನಾನೂ ನೋಡುತ್ತಿದ್ದೆ. ಜೋಳದ ಚೀಲ, ಮೊರ, ಗೋಡೆಗೆ ಒರಗಿಸಿದ ಕಸಬರಿಗೆ. ಬೇರೇನೂ ಇಲ್ಲ. ಆದರೂ ಮನೆಯಲ್ಲಿ ಒಬ್ಬಳೇ ಇದ್ದಾಗ ಆ ಮೂಲೆಗೆ ಬೆನ್ನು ಹಾಕಿ ಕೂರುವುದನ್ನು ನಾನು ಬಿಟ್ಟೆ.

ಮುಂದಿನ ಸಂಚಿಕೆ ಬಂದ ದಿನ ಬಸ್ಸಿನಲ್ಲಿ ಅದನ್ನು ಓದಲಿಲ್ಲ, ಹುಡುಕಿದೆ. ಕೆಂಪು ರುಮಾಲಿನ ಮೊಣಕಾಲೆತ್ತರದ ಮಂದಿ ಯಾವ ಪುಟದಿಂದ ನನ್ನನ್ನು ನೋಡುತ್ತಾರೋ ಎಂದು ಅಳುಕುತ್ತ ಒಂದೊಂದು ಪುಟವನ್ನೂ ಅಂಚಿನಿಂದ ಮೆಲ್ಲಗೆ ಎತ್ತಿ ನೋಡಿದೆ. ಕೊನೆಯ ಪುಟದವರೆಗೂ ಅವರು ಸಿಗಲಿಲ್ಲ. ಆಗ ಹೆದರಿಕೆ ಹೆಚ್ಚಾಯಿತು. ಪುಸ್ತಕದಲ್ಲಿ ಇದ್ದಿದ್ದರೆ ಅವರು ಪುಸ್ತಕದವರು. ಇಲ್ಲವೆಂದರೆ ಅವರು ಎಲ್ಲಿಯವರು? ಬಸ್ಸು ಊರು ಮುಟ್ಟಿದರೂ ನಾನು ಇಳಿಯದೆ ಕೂತಿದ್ದೆ. ಕಂಡಕ್ಟರ್ ಕರೆದು ಎಬ್ಬಿಸಬೇಕಾಯಿತು.

ದೀಪಾವಳಿಗೆ ಕೌಜಲಗಿಯಿಂದ ನಾದಿನಿ ಬಂದಳು. ಸಂಜೆ ಅವಳು ಅವ್ವನ ಪಕ್ಕ ಕೂತು ಅವಲಕ್ಕಿ ತಿನ್ನುತ್ತಿದ್ದಾಗ, ಅತ್ತೆ ಕಾಲು ಮೇಲೆತ್ತಿಕೊಂಡು ಖಾಲಿ ನೆಲದ ಕಡೆಗೆ ಮೆಲ್ಲಗೆ, “ಹೋಗ್ರಿ, ದಾಟಿ ಹೋಗ್ರಿ” ಅಂದರು. ನಾದಿನಿಯ ಕೈಯೊಳಗಿನ ತಾಟು ಜಾರಿತು. ಅವಳು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಎಲ್ಲ ಬಿಡಿಸಿ ಕೇಳಿದಳು. ಓದಿನ ಸುದ್ದಿ ಹೇಳಿದೆ.

“ವೈನಿ, ಆ ಪುಸ್ತಕದಾಗಿನವು ಅವ್ವನ ಮೈಯಾಗ ಹೊಕ್ಕಾವು. ಇನ್ನ ಮನ್ಯಾಗ ಇಡಬ್ಯಾಡ್ರಿ.”

ದೆವ್ವ ಬಿಡಿಸುವ ಒಬ್ಬರು ಗೊತ್ತಿದ್ದಾರೆ, ಮುಂದಿನ ಅಮಾವಾಸ್ಯೆಗೆ ಕರೆದುಕೊಂಡು ಹೋಗೋಣ ಎಂದೂ ಹೇಳಿದಳು. ನನ್ನ ಗಂಡ ಅದಕ್ಕೆ ಒಪ್ಪಲಿಲ್ಲ. ಆದರೆ ಪುಸ್ತಕಗಳನ್ನೆಲ್ಲ ಗೊಬ್ಬರದ ಚೀಲದಲ್ಲಿ ತುಂಬಿ ಅಟ್ಟಕ್ಕೆ ಹಾಕಿದರು. ಅವರು ಸಿಟ್ಟು ಮಾಡಲಿಲ್ಲ, ಸ್ವಲ್ಪ ದಿನ ಬೇಡ ಅಂದರು ಅಷ್ಟೇ. ನನಗೂ ಎದುರಾಡುವ ಧೈರ್ಯವಿರಲಿಲ್ಲ. ಅತ್ತೆ ಹಾಗಾದದ್ದು ನನ್ನ ಓದಿನಿಂದಲೇ ಎಂದು ನಾನೂ ನಂಬತೊಡಗಿದ್ದೆ.

ಓದು ನಿಂತ ಮೇಲೆ ಅತ್ತೆ ಸುಧಾರಿಸಲಿಲ್ಲ. ಮಾತು ಕಡಿಮೆಯಾಯಿತು. ಮಜ್ಜಿಗೆ ಹಾಕಲು ಹೋಗಿ ಲೋಟದ ಪಕ್ಕಕ್ಕೆ ಸುರಿದರು. ದಿನಾ ದಾಟುವ ಹೊಸ್ತಿಲನ್ನೇ ಎಡವಿದರು. ಒಂದು ದಿನ ನಾನು ಸಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ, ಹೊಸ ಪುಸ್ತಕ ಬಂದಿದೆಯೇ ಎಂದು ಕೇಳಿದರು. ತರುವುದಿಲ್ಲ ಎಂದು ಗೊತ್ತಲ್ಲ ಅತ್ತೆಯವರೇ, ನಿಮ್ಮ ಸಲುವಾಗಿಯೇ ಬಿಟ್ಟಿದ್ದು ಎಂದೆ. ಅವರು ನನ್ನ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದರು.

“ಯವ್ವಾ, ಅವು ಪುಸ್ತಕದಿಂದ ಬಂದಿಲ್ಲ. ನೀ ಓದಾಕ ಸುರು ಮಾಡೂ ಮೊದಲ ಬಂದಾವು. ನನಗೊಬ್ಬಾಕಿಗೇ ಕಾಣತಾವು ಅಂದ್ರ ನನ್ನ ತಲಿ ಕೆಟ್ಟೈತಿ. ಮತ್ತ ಯಾರರ ಚಿತ್ರಾ ತಗದಿದ್ರ, ಅವರಿಗೂ ಕಂಡಾವು ಅಂತ ಆಗತೈತಿ. ಅದಕ್ಕ ಹೊಸಾ ಪುಸ್ತಕ ಹೊಸಾ ಪುಸ್ತಕ ಅಂತಿದ್ನಿ.”

ಮುಳುಗಡೆ ಊರಿನವರ ಎತ್ತರ ಅವರು ಯಾಕೆ ಕೇಳಿದ್ದರು ಎಂದು ಆಗ ತಿಳಿಯಿತು. ಅಷ್ಟು ತಿಂಗಳು ಅವರು ಕಥೆ ಕೇಳುತ್ತಿರಲಿಲ್ಲ, ತಮ್ಮಂಥ ಇನ್ನೊಬ್ಬರನ್ನು ಹುಡುಕುತ್ತಿದ್ದರು.

ನಾನು ಏಣಿ ಇಟ್ಟು ಅಟ್ಟ ಹತ್ತಿ, ಚೀಲದಿಂದ ಒಂದು ಸಂಚಿಕೆ ಎಳೆದು ತಂದೆ. ದೊಡ್ಡದೊಂದು ಚಿತ್ರವನ್ನು ಮುಂದೆ ಹಿಡಿದು, ಮುಖ ತಿರುಗಿಸದೆ ನೇರ ನೋಡಿರಿ, ಏನು ಕಾಣುತ್ತದೆ ಹೇಳಿರಿ ಅಂದೆ. ಅವರು ಬಹಳ ಹೊತ್ತು ನೋಡಿದರು. ನಡುವೆ ಕಪ್ಪು, ಪಕ್ಕಕ್ಕೆ ನೋಡಿದರೆ ಸ್ವಲ್ಪ ಕಾಣುತ್ತದೆ ಅಂದರು. ನಾನು ಪುಸ್ತಕ ಕೆಳಗಿಟ್ಟು ಅವರ ಮುಂದೆ ಬಾಗಿದೆ. ಹಾಗಾದರೆ ನನ್ನ ಮುಖ? ಎಂದು ಕೇಳಿದೆ.

“ಕಿವಿ ಕಾಣತಾವು, ಸೆರಗ ಕಾಣತೈತಿ. ಮಾರಿ ಇರೂ ಜಾಗದಾಗ ಏನೂ ಇಲ್ಲ.”

ಎಷ್ಟು ದಿನದಿಂದ ನಾನು ಅವರಿಗೆ ಮುಖವಿಲ್ಲದವಳಾಗಿದ್ದೆನೋ.

ಮರುದಿನ ರಜೆ ಹಾಕಿ, ಗಂಡ ನಾನು ಕೂಡಿ ಅತ್ತೆಯನ್ನು ಗೋಕಾಕದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ನಡುವಯಸ್ಸಿನ ಹೆಣ್ಣುಮಗಳು ಆಕೆ. ಕಣ್ಣಿಗೆ ಔಷಧ ಹಾಕಿ, ಯಂತ್ರದಲ್ಲಿ ನೋಡಿ, ಚೌಕುಳಿ ಗೆರೆಗಳಿದ್ದ ಒಂದು ಹಾಳೆಯನ್ನು ಹಿಡಿದು ಗೆರೆ ನೆಟ್ಟಗಿವೆಯೇ ಎಂದು ಕೇಳಿದರು. ನಡುವೆ ಏನೂ ಇಲ್ಲ, ಸುತ್ತ ಎಲ್ಲ ಸೊಟ್ಟ ಅಂದರು ಅತ್ತೆ. ಆಮೇಲೆ ಕೆಂಪು ರುಮಾಲಿನ ಸುದ್ದಿಯನ್ನು ನಾನೇ ಅಳುಕುತ್ತ ತೆಗೆದೆ. ಡಾಕ್ಟರು ನಗಲಿಲ್ಲ. ಆ ಸಣ್ಣ ಮಂದಿ ಮಾತಾಡುತ್ತಾರೆಯೇ, ಬೆಳಕು ಕಡಿಮೆಯಾದಾಗ ಹೆಚ್ಚು ಬರುತ್ತಾರೆಯೇ, ಬಟ್ಟೆಯ ಬಣ್ಣ ಸ್ಪಷ್ಟವೇ ಎಂದು ಅತ್ತೆಯನ್ನೇ ಒಂದೊಂದಾಗಿ ಕೇಳಿದರು. ಕೊನೆಗೆ ತಿಳಿಸಿ ಹೇಳಿದರು. ಕಣ್ಣಿನ ಪರದೆಯ ನಡುಭಾಗ ಸವೆದಿದೆ. ಅಲ್ಲಿಂದ ಚಿತ್ರ ಬರುವುದು ನಿಂತಾಗ ಕೆಲವರ ಮೆದುಳು ತಾನೇ ಚಿತ್ರ ಮಾಡಿ ಆ ಜಾಗ ತುಂಬುತ್ತದೆ. ಇದು ಹುಚ್ಚಲ್ಲ, ದೆವ್ವವೂ ಅಲ್ಲ. ಹೋದ ದೃಷ್ಟಿ ಮಾತ್ರ ತಿರುಗಿ ಬರುವುದಿಲ್ಲ.

ದೃಷ್ಟಿಯ ಮಾತು ಅತ್ತೆಯ ಕಿವಿಗೆ ಬಿತ್ತೋ ಇಲ್ಲವೋ. ಅವರು ಮುಂದಕ್ಕೆ ಬಾಗಿ ಕೇಳಿದರು.

“ಬ್ಯಾರೇದವರಿಗೂ ಕಾಣತಾವೇನ್ರಿ?”

“ಭಾಳ ಮಂದಿಗೆ ಕಾಣತಾವ್ರಿ ಅಜ್ಜಿ. ಹೆದರಿ ಯಾರೂ ಹೇಳಂಗಿಲ್ಲ. ನನ್ನ ಕಡೆ ಬರೂ ಒಬ್ಬ ಅಜ್ಜಾರ ಮಂಚದ ಸುತ್ತ ದಿನಾ ಆಡು ಮೇಯತಾವು.”

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ನಾವು ಹೊರಡುವಾಗ ಡಾಕ್ಟರು ಇದು ಮನೆತನದಲ್ಲಿ ಬರಬಹುದು, ಮಕ್ಕಳೂ ಕಣ್ಣು ತೋರಿಸಿಕೊಳ್ಳುತ್ತಿರಬೇಕು ಅಂದರು. ನನ್ನ ಗಂಡ ತಲೆಯಾಡಿಸಿದರು. ಫ್ಯಾಕ್ಟರಿಯ ಕೆಲಸಕ್ಕೆ ದಿನಾ ಬೈಕ್ ಹೊಡೆಯುವ ಮನುಷ್ಯ, ತಮ್ಮ ಕಣ್ಣಿಗೆ ಏನಾಗಿದೆ ಎಂದು ದಾರಿಯಲ್ಲಿ ಆ ಮಾತನ್ನು ತೇಲಿಸಿಬಿಟ್ಟರು.

ಪುಸ್ತಕದ ಚೀಲ ಅಟ್ಟದಿಂದ ಇಳಿಯಿತು, ಭಾನುವಾರದ ಓದು ಮತ್ತೆ ಶುರುವಾಯಿತು. ಈಗ ಅತ್ತೆ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಇವತ್ತು ನಾಲ್ಕೈದು ಮಂದಿ ಬಂದಿದ್ದಾರೆ, ಒಬ್ಬನ ರುಮಾಲು ಬಿಚ್ಚಿದೆ ಎಂದು ಪಕ್ಕದ ಮನೆಯವರ ಸುದ್ದಿ ಹೇಳಿದಂತೆ ಹೇಳುತ್ತಿದ್ದರು. ನಾದಿನಿಗೆ ಮಾತ್ರ ಪೂರ್ತಿ ನಂಬಿಕೆ ಬರಲಿಲ್ಲ. ಇವತ್ತಿಗೂ ಅವಳು ಬಂದರೆ ಹೊತ್ತು ಮುಳುಗುವ ಮೊದಲು ಹೊರಟುಬಿಡುತ್ತಾಳೆ. ಅತ್ತೆಯ ಕಣ್ಣ ನಡುವಿನ ಕಪ್ಪು ಹಿಗ್ಗುತ್ತ ಹೋಯಿತು. ಸಂಚಿಕೆಯನ್ನು ಅವರ ತೊಡೆಯ ಮೇಲೆ ಇಟ್ಟರೂ ಚಿತ್ರ ಎಲ್ಲಿದೆ ಎಂದು ಬೆರಳಿಂದ ಹುಡುಕುವಂತಾಯಿತು.

ಹೋದ ವರ್ಷ, ಬೇಸಿಗೆ ಶುರುವಾದ ಹೊತ್ತಿಗೆ, ಒಂದು ಭಾನುವಾರ ನನ್ನ ಗಂಡ ನಮ್ಮ ಪಕ್ಕ ಬಂದು ಕೂತರು. ಅಂಥ ಪುಸ್ತಕವನ್ನು ಎಂದೂ ಬಿಚ್ಚದವರು, ಅವ್ವನ ಜೊತೆ ಹೊತ್ತು ಕಳೆಯಲೆಂದು ಬಂದಿದ್ದರು. ಹೊಸ ಸಂಚಿಕೆಯನ್ನು ಕೈಗೆ ತೆಗೆದುಕೊಂಡು ಪುಟ ತಿರುವಿದರು.

“ಈ ಸಲ ಚೌಕಟ್ಟೆಲ್ಲಾ ಯಾಕ ಹಿಂಗ ಸೊಟ್ಟ ತಗದಾರ? ಹೆದರಸಾಕೇನ?”

ನಾನು ಬಾಗಿ ನೋಡಿದೆ. ಚಿತ್ರಗಳ ಸುತ್ತಲಿನ ಗೆರೆಗಳು ಅಚ್ಚುಕಟ್ಟಾಗಿ ನೆಟ್ಟಗಿದ್ದವು. ಮೊದಲು ತಮಾಷೆ ಅಂದುಕೊಂಡೆ. ಆಮೇಲೆ ಎದ್ದು ಹೋಗಿ ನನ್ನ ಅಳತೆಪಟ್ಟಿ ತಂದು ಗೆರೆಯ ಮೇಲೆ ಇಟ್ಟೆ. ಕೂದಲೆಳೆಯಷ್ಟೂ ಬಾಗಿರಲಿಲ್ಲ. ಒಂದೊಂದೇ ಕಣ್ಣು ಮುಚ್ಚಿ ನೋಡಿರಿ ಅಂದೆ. ಬಲಗಣ್ಣು ಮುಚ್ಚಿದಾಗ ಸರಿಯಾಗಿದೆ ಅಂದರು. ಎಡಗಣ್ಣು ಮುಚ್ಚಿದಾಗ ಪಟ್ಟಿಯನ್ನು ಎತ್ತಿ ಹಿಡಿದು ನೋಡಿದರು, ಬಾಗಿಲ ಚೌಕಟ್ಟನ್ನು ನೋಡಿದರು, ಮತ್ತೆ ಪುಟವನ್ನು ನೋಡಿದರು.

“ಪಟ್ಟೀನೂ ಸೊಟ್ಟ ಐತಲ್ಲ” ಅಂದರು.

ಅತ್ತೆ ಕೂತಲ್ಲೇ ಕೂತಿದ್ದರು. ತೊಡೆಯ ಮೇಲಿದ್ದ ಹಳೆಯ ಸಂಚಿಕೆಯಲ್ಲಿ ಚಿತ್ರ ಹುಡುಕುತ್ತಿದ್ದ ಅವರ ಬೆರಳು ನಿಂತುಹೋಗಿತ್ತು.

ಮರುದಿನ ಗೋಕಾಕದ ಡಾಕ್ಟರು ನೋಡಿ, ಬಲಗಣ್ಣಿನ ಪರದೆಯಲ್ಲಿ ಸೋರಿಕೆ ಶುರುವಾಗಿದೆ, ಬೇಗ ಬಂದದ್ದು ಒಳ್ಳೆಯದಾಯಿತು ಅಂದರು. ಬೆಳಗಾವಿಗೆ ಹೋಗಿ ಕಣ್ಣಿನೊಳಗೆ ಇಂಜೆಕ್ಷನ್ ಹಾಕಿಸಬೇಕು, ಒಂದು ಸಲವಲ್ಲ, ಮತ್ತೆ ಮತ್ತೆ. ಇದ್ದ ದೃಷ್ಟಿ ಉಳಿಯಬಹುದು. ಖಾತ್ರಿ ಮಾತ್ರ ಕೊಡಲಾಗದು. ಮೊದಲನೆಯ ಇಂಜೆಕ್ಷನ್ ಹಾಕಿಸಿಕೊಂಡು ಬಂದ ಸಂಜೆ ನನ್ನ ಗಂಡ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಪಡಸಾಲೆಯಲ್ಲಿ ಒರಗಿದ್ದರು. ಅತ್ತೆ ಗೋಡೆ ಹಿಡಿದು ಬಂದು, ಮಗನ ತಲೆ ಎಲ್ಲಿದೆ ಎಂದು ತಡವಿ, ಹಣೆಯ ಮೇಲೆ ಕೈ ಇಟ್ಟರು.

“ನಿನಗೂ ಬಂದ್ರ ಹೆದರಬ್ಯಾಡ. ಅವು ಮಾತಾಡಂಗಿಲ್ಲ. ಲೈಟ್ ಹಾಕಿದ್ರ ಹೋಗತಾವು.”

ಅವರು ಹೂಂ ಅಂದರು. ಎದ್ದು ಲೈಟು ಹಾಕಿದವಳು ನಾನು.

ಈವರೆಗೆ ನನ್ನ ಗಂಡನಿಗೆ ಆ ಸಣ್ಣ ಮಂದಿ ಕಂಡಿಲ್ಲ. ಬಲಗಣ್ಣು ಇದ್ದಷ್ಟರಲ್ಲೇ ನಿಂತಿದೆ. ಡಾಕ್ಟರು ಕೊಟ್ಟ ಚೌಕುಳಿ ಹಾಳೆಯನ್ನು ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದೇವೆ. ದಿನಾ ಬೆಳಿಗ್ಗೆ ಅವರು ಅದರ ಮುಂದೆ ನಿಂತು ಎಡಗಣ್ಣನ್ನು ಅಂಗೈಯಿಂದ ಮುಚ್ಚುತ್ತಾರೆ. ನಾನು ಬೆನ್ನ ಹಿಂದೆ ನಿಂತಿರುತ್ತೇನೆ. ಒಳಗೆ ಅತ್ತೆಯೂ ಹಾಸಿಗೆಯ ಮೇಲೆ ಎದ್ದು ಕೂತು ಕಿವಿಗೊಟ್ಟಿರುತ್ತಾರೆ. ಗೆರೆ ನಿನ್ನೆಗಿಂತ ಸೊಟ್ಟಗಿವೆಯೋ ಇಲ್ಲವೋ ಎಂದು ನನ್ನ ಗಂಡ ಬಾಯಿ ಬಿಟ್ಟು ಹೇಳುವವರೆಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.