ಕರಗದ ಅರಗಿನ ಕಿಟಕಿ

೧೯೧೧ನೆಯ ಇಸವಿ ನವೆಂಬರ್ ೧೪, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಚನ್ನಪಟ್ಟಣದ ಒಂದು ಓಣಿಯಲ್ಲಿ, ಪ್ಲೇಗಿನ ದಫೇದಾರ ಚನ್ನಲಿಂಗಪ್ಪನೂ ಅವನ ನಾಲ್ವರು ಆಳುಗಳೂ ಗೊಂಬೆಗಾರ ಮುನಾವರ್‌ನ ಮನೆಯ ಬಣ್ಣದ ಗಾಜಿನ ಕಿಟಕಿಯನ್ನು ಕಬ್ಬಿಣದ ಸಲಾಕೆಯಿಂದ ಹೊಡೆದು ಪುಡಿಮಾಡಿದರು. ಕಿಟಕಿಯ ಹಿಂದೆ ಅವನ ಹೆಂಡತಿ ಹಮೀದಾ ನಿಂತಿದ್ದಳು. ಮನೆ ಖಾಲಿಯಿತ್ತೆಂದೂ, ಕಿಟಕಿ ತಾನಾಗಿ ಕಳಚಿ ಬಿತ್ತೆಂದೂ ಆಮೇಲಿನ ವರದಿ ಹೇಳುತ್ತದೆ. ಎರಡೂ ಸುಳ್ಳು.

ಬಣ್ಣದ ಗಾಜು ಆ ಕಾಲದಲ್ಲಿ ಇಗರ್ಜಿಗೆ, ಅರಮನೆಗೆ, ದೊಡ್ಡ ಅಧಿಕಾರಿಗಳ ಬಂಗಲೆಗೆ ಸಲ್ಲುವ ವಸ್ತು. ಒಣಹುಲ್ಲು ಹಾಸಿದ ಪೆಟ್ಟಿಗೆಗಳಲ್ಲಿ ಹಡಗಿನ ಮೇಲೆ ಬರುತ್ತಿತ್ತು. ಬೆಂಗಳೂರಿನ ದಂಡುಪ್ರದೇಶದಲ್ಲಿ ಒಂದು ಬಂಗಲೆಯ ಮರಗೆಲಸಕ್ಕೆ ಹೋಗಿದ್ದ ಮುನಾವರ್, ದಾರಿಯಲ್ಲೇ ಒಡೆದು ಬಂದ ಚೂರುಗಳನ್ನು ಬೇಡಿ ಗೋಣಿಚೀಲದಲ್ಲಿ ತಂದ. ಪರಂಗಿಯ ಕೆಲಸಗಾರರು ಚೂರುಗಳನ್ನು ಸೀಸದ ಪಟ್ಟಿಯಿಂದ ಬೆಸೆಯುತ್ತಿದ್ದರು. ಸೀಸದ ಕೆಲಸ ಇವನಿಗೆ ಬಾರದು. ಗೊಂಬೆಗೆ ಬಣ್ಣ ಹಿಡಿಸುವ ಅರಗು ಮಾತ್ರ ಬೆರಳ ತುದಿಯಲ್ಲಿತ್ತು. ತೇಗದ ಪಟ್ಟಿಗಳಲ್ಲಿ ಗೀರು ಕೊರೆದು, ಕಾಯಿಸಿದ ಅರಗು ತುಂಬಿ ಗಾಜು ಕೂರಿಸಿದ. ಆಗಿನ ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ನಾಲ್ಕು ಮನೆಗಳಿಗೆ ಅವನ ಕಿಟಕಿ ಹೋಯಿತು, ಮಾಗಡಿಯಲ್ಲಿ ಮೂರಕ್ಕೆ.

ಎಂಟನೆಯದು ತನ್ನ ಮನೆಗೆ. ಹಮೀದಾ ಪರದೆಯ ಹೆಣ್ಣು; ಮನೆಯಲ್ಲೇ ಗೂಡು ಬೇಯಿಸಿ ರೇಷ್ಮೆನೂಲು ತೆಗೆಯುವವಳು. ಕಿಟಕಿ ಮುಚ್ಚಿದರೆ ಎಳೆ ಕಾಣದು, ತೆರೆದರೆ ಬೀದಿಯ ಕಣ್ಣು ಒಳಗೆ. ಬಣ್ಣದ ಗಾಜು ಈ ಎರಡು ಕಷ್ಟವನ್ನೂ ನೀಗಿತು. ಆರು ವರ್ಷ ಅವಳು ಅದರ ಪಕ್ಕದಲ್ಲೇ ಕುದಿಯುವ ಬಾಣಲೆಯಿಟ್ಟು ದುಡಿದಳು. ಅರಗು ಬೆವರಲೂ ಇಲ್ಲ.

ಆ ಮಂಗಳವಾರದ ಹಿಂದಿನ ದಿನ ಪಕ್ಕದ ಬೀದಿಯಲ್ಲಿ ಇಲಿಗಳು ಸತ್ತಿದ್ದವು. ಜನ ಊರಾಚೆಯ ಗುಡಿಸಲುಗಳಿಗೆ ಹೋಗಬೇಕು, ಮನೆಗಳಿಗೆ ಗಂಧಕದ ಹೊಗೆ ಹಾಕಬೇಕು, ಕತ್ತಲೆ ಕೋಣೆಗೆ ಬಿಸಿಲು ಬಿಡಬೇಕು ಎಂದು ಹುಕುಂ. ಮುನಾವರ್ ಅದನ್ನು ಮೀರಲಿಲ್ಲ. ಪರದೆ ಕಟ್ಟಿದ ಗಾಡಿಗೆ ಹೇಳಿಕಳಿಸಿ ಹೊಸ್ತಿಲಲ್ಲಿ ನಿಂತಿದ್ದ.

"ದಫೇದಾರಪ್ನೋರೆ, ಒಳಗೆ ಹೆಣ್ಣುಮಗಳವ್ಳೆ. ಗಾಡಿ ಬತ್ತಾ ಐತೆ, ಒಸಿ ತಡೀರಿ. ನಾಲ್ಕು ಬೆಣೆ ಕಿತ್ರೆ ಕಿಟಕಿನೂ ಕೈಗೆ ಬತ್ತದೆ."

"ಏನ್ಲಾ ಸಾಬಿ, ಅರಮನೆ ಕಟ್ಕಂಡಿದ್ದೀಯಾ? ಇಲಿಗೂ ಒಂದು ಪರದೆ ಗಾಡಿ ತರುಸ್ಲಾ?" ಎಂದ ಚನ್ನಲಿಂಗಪ್ಪ. ಆಳುಗಳು ನಕ್ಕರು.

ಗಂಟುಮೂಟೆ ಹೊತ್ತು ಹೊರಟಿದ್ದ ಎದುರುಮನೆಯ ಮುದುಕಿ ಬೋರಮ್ಮ ನಿಂತಳು. "ಲೇ ಚನ್ನಲಿಂಗ, ಒಳಗವ್ಳೆ ಅಂತಾವ್ನಲ್ಲಾ, ಕಿವೀಗೆ ಸೀಸ ಹುಯ್ಕಂಡಿದ್ದೀಯೇನ್ಲಾ?"

ಸಲಾಕೆ ಬಿತ್ತು. ಕೆಂಪು, ಹಳದಿ, ನೀಲಿ ಒಟ್ಟಿಗೇ ಒಳಕ್ಕೆ ಸಿಡಿದವು. ಹಮೀದಾ ಕಿರುಚಿದ ಮೇಲೂ ಎರಡು ಪೆಟ್ಟು ಬಿದ್ದವು, ಬೋರಮ್ಮ ಎಣಿಸಿದ್ದಾಳೆ. ಚೂರು ನೆಟ್ಟ ಎಡಗಣ್ಣಿನಿಂದ ಸುರಿದ ರಕ್ತ ಕೈಯಲ್ಲಿದ್ದ ನೂಲಿನ ಲಡಿಯನ್ನು ತೋಯಿಸಿತು. ಮುನಾವರ್ ಸೊಂಟಕ್ಕೆ ಸಿಕ್ಕಿಸಿದ್ದ ಉಳಿ ಕಿತ್ತುಕೊಂಡು ಚನ್ನಲಿಂಗಪ್ಪನ ತೊಡೆಗೆ ತಿವಿದ. ಅದು ಅಪರಾಧವೇ, ಅದಕ್ಕೆ ಆರು ತಿಂಗಳ ಸಜೆಯನ್ನು ಅವನು ಪೂರ್ತಿ ಅನುಭವಿಸಿದ. ಆದರೆ ನೆಲಕ್ಕೆ ಕೆಡವಿದವನ ಬಲಗೈಯನ್ನು ಅವನದೇ ಹೊಸ್ತಿಲ ಮೇಲಿಟ್ಟು ಜಜ್ಜಿ ಮೂರು ಬೆರಳು ಮುರಿದವರಿಗೆ ಯಾವ ಸಜೆಯೂ ಆಗಲಿಲ್ಲ. ಬೋರಮ್ಮ ತನ್ನ ಕಂಬಳಿ ಹೊದಿಸಿ ಹಮೀದಾಳನ್ನು ಎಳೆದು ತಂದ ಮೇಲೆ ಒಳಗೆ ಗಂಧಕ ಹೊತ್ತಿಸಿದರು. ಮನೆ ಖಾಲಿಯಾದದ್ದು ಆಗ, ಅದಕ್ಕೂ ಮೊದಲಲ್ಲ.

ಬೋರಮ್ಮನ ಹೇಳಿಕೆಯನ್ನು ಯಾರೂ ಬರೆದುಕೊಳ್ಳಲಿಲ್ಲ. 'ಸೀಸದ ಬದಲು ಅರಗು ಬಳಸಿದ ಕೆಲಸಗಾರನ ತಪ್ಪಿನಿಂದ, ಹೊಗೆಯ ಕಾವಿಗೆ ಕಿಟಕಿ ಕಳಚಿತು' ಎಂದು ಪಂಚರ ರುಜುವಿನೊಂದಿಗೆ ವರದಿಯಾಯಿತು. ಸೆರೆಯಿಂದ ಬಂದ ಮುನಾವರ್ ಮಾಗಡಿಗೆ ನಡೆದು ಹೋದಾಗ, ಅವನ ಕಿಟಕಿಯಿದ್ದ ಒಂದು ಮನೆಯ ಯಜಮಾನ ಅದರ ಮೇಲೆ ಒನಕೆ ಎತ್ತಿದ್ದ. "ನಿನ್ ಅರಗು ಕರಗಿ ನಮ್ ಮಕ್ಕಳ ತಲೆ ಮ್ಯಾಲೆ ಬಿದ್ರೇನ್ಲಾ ಗತಿ?" ಎನ್ನುತ್ತ ಅವನ ಎದುರಿಗೇ ಕುಟ್ಟಿದ. ಗಾಜು ಅರಗನ್ನು ಬಿಡಲು ನಾಲ್ಕು ಪೆಟ್ಟು ಬೇಕಾದವು. ವರ್ಷ ತುಂಬುವುದರೊಳಗೆ ಏಳು ಕಿಟಕಿಗಳೂ ನುಚ್ಚಾದವು.

ಎಂಟನೆಯದರ ಚೌಕಟ್ಟನ್ನು ಸೌದೆ ಮಾಡಲು ಅವನು ಎಡಗೈಯಲ್ಲಿ ಕೊಡಲಿ ಎತ್ತಿದ. ಹಮೀದಾ ಕೊಡಲಿಯ ಹಿಡಿಗೆ ಕೈಹಾಕಿ ತಡೆದಳು. "ಇದುನ್ನ ಸುಟ್ರೆ ಅವ್ರು ಬರ್ದಿದ್ದೇ ನಿಜ ಆಯ್ತದೆ. ನನ್ ಕಣ್ಣಿಗೆ ಇನ್ಯಾವ ಸಾಕ್ಷಿ ಐತೆ?"

ಅವನು ಕೊಡಲಿ ಕೆಳಗಿಟ್ಟ. ಮತ್ತೆ ಗೊಂಬೆ ಕಡೆಯಲಿಲ್ಲ, ಗಾಜು ಮುಟ್ಟಲಿಲ್ಲ, ೧೯೩೬ರಲ್ಲಿ ತೀರಿಕೊಂಡ.

ಚನ್ನಲಿಂಗಪ್ಪನವರೇ, ಆ ವರದಿಗೆ ರುಜು ಹಾಕಿದ ಪಂಚರೇ, ನಲವತ್ತು ವರ್ಷ ಕಳೆದರೂ ನೀವಿನ್ನೂ ಬದುಕಿದ್ದೀರಿ. ಹಮೀದಾ ಅವರೂ ಬದುಕಿದ್ದಾರೆ. ಚೌಕಟ್ಟು ಅವರ ಗೋಡೆಗೆ ಒರಗಿದೆ. ಕಾದ ಅರಗು ಜಿನುಗಿ ಗುಂಡಗಾಗುತ್ತದೆ. ಪೆಟ್ಟು ತಿಂದ ಅರಗು ಸೀಳಿ ಚೂಪಾಗುತ್ತದೆ. ಬಂದು ಆ ಚೌಕಟ್ಟಿನಲ್ಲಿ ಉಳಿದ ಅರಗಿನ ಅಂಚಿನ ಮೇಲೆ ಬೆರಳಾಡಿಸಿ. ಬೆರಳು ಕೊಯ್ದ ಮೇಲೆ, 'ಮನೆ ಖಾಲಿಯಿತ್ತು' ಎಂಬ ಸಾಲನ್ನು ಹೊಡೆದುಹಾಕಿ, ಒಳಗೆ ಒಬ್ಬ ಹೆಂಗಸಿದ್ದಳೆಂದು ಅವರ ಹೆಸರಿನೊಂದಿಗೆ ಬರೆದು, ಕೆಳಗೆ ನಿಮ್ಮ ರುಜು ಹಾಕಿ. ಅವರು ಬದುಕಿರುವಾಗಲೇ ಹಾಕಿ.