ಬೆಟ್ಟದಲ್ಲಿ ಇರದ ಗೋಡೆ

ಕೊಲ್ಲಿ ದೇಶದಲ್ಲಿ, ಅಲ್ ಬರ್ಷಾ ಬಡಾವಣೆಯ ನಮ್ಮ ಮನೆ ಹತ್ತಿರದ ಮಾಲ್‌ನೊಳಗೆ ಕೃತಕ ಹಿಮದ ಇಳಿಜಾರಿದೆ. ಅಕ್ಕ ಸ್ಕೀ ಕಲಿತದ್ದು ಅಲ್ಲೇ. ವಿದೇಶದ ನಿಜವಾದ ಬೆಟ್ಟದಲ್ಲಿ ತುದಿಯಿಂದ ಬುಡದವರೆಗೆ ಒಂದೇ ಸಮನೆ ಜಾರುವ ಅವಳ ಮೊದಲ ಡೌನ್‌ಹಿಲ್ ರೇಸ್ ಇತ್ತು. ಅದರಲ್ಲಿ ಒಳ್ಳೆಯ ಟೈಮ್ ಬಂದರೆ ಮಾತ್ರ ಕೆಲಸ ಬಿಟ್ಟು ಸ್ಕೀಯನ್ನೇ ವೃತ್ತಿ ಮಾಡಿಕೊಳ್ಳಬಹುದೆಂದು ಅಪ್ಪ ಒಪ್ಪಿದ್ದರು. ನಾನು ಕಾಲೇಜಿನ ಡಿಬೇಟ್ ತಂಡದವಳು. "ಫ್ರಿಜ್ಜಲ್ಲಿ ಕಲಿತೋಳು ಬೆಟ್ಟದಲ್ಲಿ ಗೆಲ್ತಾಳಾ?" ಎಂದು ವಾದಿಸಿ ಎಲ್ಲರ ಬಾಯಿ ಮುಚ್ಚಿಸಿದ್ದೆ.

ರೇಸನ್ನು ಮೊಬೈಲಿನಲ್ಲಿ ನೇರವಾಗಿ ನೋಡಿದೆವು. ಅಕ್ಕ ಹೊರಟ ರಭಸಕ್ಕೆ ನಾನೂ ಉಸಿರು ಬಿಗಿಹಿಡಿದೆ. ಸ್ವಲ್ಪ ಹೊತ್ತಷ್ಟೇ. ಖಾಲಿ ಇಳಿಜಾರಿನ ನಡುವೆ ಅವಳು ಅಡ್ಡ ತಿರುಗಿ ನಿಂತೇಬಿಟ್ಟಳು. ಬಿದ್ದಿರಲಿಲ್ಲ, ಎದುರಿಗೆ ಏನೂ ಇರಲಿಲ್ಲ.

"ಯಾಕೇ ನಿಂತ್ಲು?" ಅಮ್ಮ ಕಿರುಚಿದಳು.

ಸಂಜೆ ಅಕ್ಕನೇ ಫೋನ್ ಮಾಡಿದಳು. "ಮಾಲ್‌ನಲ್ಲಿ ಅಷ್ಟೊತ್ತಿಗೆ ಇಳಿಜಾರು ಮುಗಿದು ಗೋಡೆ ಬರುತ್ತಲ್ವೇನೇ? ಕಾಲು ತಾನಾಗೇ ನಿಂತುಬಿಡ್ತು."

ನನ್ನ ವಾದ ಗೆದ್ದಿತ್ತು. ಯಾವ ಗೆಲುವಿಗೂ ನಾನು ಹೀಗೆ ಬೆಚ್ಚಿದ್ದಿಲ್ಲ.

"ಅಪ್ಪ ಏನಂದ್ರು?" ಎಂದಳು.

ಅಪ್ಪ ಪಕ್ಕದಲ್ಲೇ ಕೂತು ನನ್ನ ಮುಖ ನೋಡುತ್ತಿದ್ದರು.

"ಇನ್ನೊಂದು ರೇಸ್ ನೋಡೋಣ ಅಂದ್ರು," ಎಂದೆ, ಅವರನ್ನು ಕೇಳದೆಯೇ.